ಇಲ್ಲದ ಊರಿನ ಬೀದಿ, ಇರುವ ನಮ್ಮ ಬೀದಿ



ಬೀರೂರು ಜಂಕ್ಷನ್ನಿನಲ್ಲಿ ತಾಳಗುಪ್ಪದ ರೈಲು ಹತ್ತಿದರೆ ತರೀಕೆರೆ, ಭದ್ರಾವತಿ, ಶಿವಮೊಗ್ಗ ದಾಟಿದ ಮೇಲೆ ಅರಸಾಳು ಎಂಬ ಚಿಕ್ಕ ನಿಲ್ದಾಣ ಬರುತ್ತದೆ. ಅಲ್ಲಿ ಮಾಲ್ಗುಡಿಯ ಹೆಸರಿನಲ್ಲಿ ಒಂದು ಮ್ಯೂಸಿಯಂ ಇದೆ. ಆದರೆ ಆ ಮಾಲ್ಗುಡಿಯನ್ನು ಭೂಪಟದಲ್ಲಿ ಹುಡುಕಿದರೆ ನಿಮಗೆ ಸಿಗುವುದಿಲ್ಲ!

ಮಾಲ್ಗುಡಿ ಹುಟ್ಟಿದ್ದು ಆರ್.ಕೆ. ನಾರಾಯಣ್ (1906–2001) ಅವರ ಕಲ್ಪನೆಯಲ್ಲಿ. 1930ರಲ್ಲಿ ಬೆಂಗಳೂರಿನಲ್ಲಿ ಕುಳಿತು ಬರೆಯತೊಡಗಿದ ಅವರ 'ಸ್ವಾಮಿ ಅಂಡ್ ಫ್ರೆಂಡ್ಸ್' 1935ರಲ್ಲಿ ಪ್ರಕಟವಾಯಿತು. ಮುಂದೆ ಸರಯೂ ನದಿ, ಮಾರ್ಕೆಟ್ ರಸ್ತೆ, ಕಬೀರ್ ಬೀದಿ, ಊರಾಚೆಯ ಲಾಲಿ ಬಡಾವಣೆ ಎಲ್ಲವೂ ಸೇರಿ ಪೂರ್ಣ ಊರೇ ಬೆಳೆಯಿತು. ಮಲ್ಲೇಶ್ವರ ಮತ್ತು ಬಸವನಗುಡಿ ಸೇರಿ ಈ ಹೆಸರಾಯಿತೆಂದು ಹೇಳುವವರುಂಟು. ಆದರೆ ನಾರಾಯಣ್ ತಮ್ಮ ಆತ್ಮಕಥೆಯಲ್ಲಿ, ಪುಟ್ಟ ರೈಲು ನಿಲ್ದಾಣದೊಂದಿಗೆ ಮಾಲ್ಗುಡಿ ತಾನಾಗಿಯೇ ಮನಸ್ಸಿಗೆ ಬಂತೆಂದು ಬರೆದಿದ್ದಾರೆ. ಕೇಳಿದ್ದನ್ನೆಲ್ಲ ನಂಬದೆ ಮೂಲವನ್ನು ನೋಡಬೇಕೆಂಬುದೇ ಇತಿಹಾಸದ ಮೊದಲ ಪಾಠ.

ಟಿ.ವಿ. ಧಾರಾವಾಹಿಗೆ ಸ್ಟುಡಿಯೋದಲ್ಲಿ ಬೀದಿಯ ಸೆಟ್ ಹಾಕುವುದು ವಾಡಿಕೆ. 1986ರಲ್ಲಿ 'ಮಾಲ್ಗುಡಿ ಡೇಸ್' ತೆಗೆದ ಶಂಕರ್ ನಾಗ್ ಹಾಗೆ ಮಾಡದೆ ಮಲೆನಾಡಿನ ಆಗುಂಬೆಯನ್ನೇ ಮಾಲ್ಗುಡಿ ಮಾಡಿದರು. ಅಲ್ಲಿನ ದೊಡ್ಡಮನೆ ಸ್ವಾಮಿಯ ಮನೆಯಾಯಿತು. ಕಲಾ ನಿರ್ದೇಶಕ ಜಾನ್ ದೇವರಾಜ್ ಊರಿನ ನಡುವೆ ಲಾಲಿ ಸಾಹೇಬನ ಪ್ರತಿಮೆ ನಿಲ್ಲಿಸಿದರು. ರೈಲಿನ ದೃಶ್ಯಗಳು ಅರಸಾಳಿನಲ್ಲಿ ನಡೆದವು. ಇಂಗ್ಲಿಷಿನಲ್ಲಿ ಬರೆದ ಕಥೆ ಕನ್ನಡದ ನೆಲದಲ್ಲಿ ನಿಂತು, ದೂರದರ್ಶನದಲ್ಲಿ ಹಿಂದಿ ಮಾತಾಡಿ ದೇಶದ ಮನೆಮನೆ ತಲುಪಿತು.

ಶಂಕರ್ ನಾಗ್ 1990ರಲ್ಲಿ ಅಪಘಾತದಲ್ಲಿ ತೀರಿಕೊಂಡರು. ಪಾಳುಬಿದ್ದಿದ್ದ ಅರಸಾಳಿನ ಹಳೆಯ ನಿಲ್ದಾಣದ ಕಟ್ಟಡವನ್ನು ದುರಸ್ತಿ ಮಾಡಿ 2020ರಲ್ಲಿ ಮ್ಯೂಸಿಯಂ ಮಾಡಲಾಯಿತು. ಯೋಚಿಸಿ ನೋಡಿ, ನಿಜವಾದ ಕಟ್ಟಡವನ್ನು ಉಳಿಸಿದ್ದು ಒಂದು ಕಲ್ಪಿತ ಕಥೆ!

ಒಮ್ಮೆ ನನ್ನ ತರಗತಿಯಲ್ಲಿ ಸ್ವಾಮಿಯ ಶಾಲೆ ಯಾವುದೆಂದು ಕೇಳಿದೆ. 'ಆಲ್ಬರ್ಟ್ ಮಿಷನ್ ಸ್ಕೂಲ್' ಎಂದು ಹಲವರು ಕೂಗಿದರು. ನಿಮ್ಮ ಬೀದಿಗೆ ಆ ಹೆಸರು ಹೇಗೆ ಬಂತೆಂದು ಕೇಳಿದಾಗ ತರಗತಿ ಮೌನವಾಯಿತು. ನಾಚಿಕೆಯಾದದ್ದು ನನಗೆ. ಏಕೆಂದರೆ ನಾನೂ ಅದನ್ನು ಕಲಿಸಿರಲಿಲ್ಲ.

ಕಡೂರು, ತರೀಕೆರೆ, ಅಜ್ಜಂಪುರದ ಪೇಟೆಬೀದಿಗಳಲ್ಲಿ ಹಳೆಯ ಹೆಂಚಿನ ಮನೆಗಳು ಒಂದೊಂದಾಗಿ ಉರುಳುತ್ತಿವೆ. ಅವುಗಳ ಕಥೆ ಬಲ್ಲ ಹಿರಿಯರೂ ಕಡಿಮೆಯಾಗುತ್ತಿದ್ದಾರೆ. ಆದ್ದರಿಂದ ವಿದ್ಯಾರ್ಥಿಗಳೇ, ಈ ರಜೆಯಲ್ಲಿ ಒಂದು ನೋಟ್‌ಬುಕ್ ಹಿಡಿದು ನಿಮ್ಮ ಅಜ್ಜ, ಅಜ್ಜಿ, ದಾದಾ, ದಾದಿಯರ ಬಳಿ ಕುಳಿತುಕೊಳ್ಳಿ. ಅವರು ಉರ್ದುವಿನಲ್ಲಿ ಹೇಳಿದರೆ ಉರ್ದುವಿನಲ್ಲೇ ಬರೆದುಕೊಳ್ಳಿ. ಹೇಳಿದವರು ಯಾರು, ಯಾವ ದಿನ ಎಂಬುದನ್ನು ಮಾತ್ರ ಮರೆಯಬೇಡಿ. ಇಲ್ಲದ ಊರಿಗೆ ಇಷ್ಟು ಇತಿಹಾಸವಿರುವಾಗ, ಇರುವ ನಮ್ಮ ಊರಿಗೆ ಒಂದು ಪುಟವಾದರೂ ಬೇಡವೇ?