ಒರತೆಯ ಬಂಡೆ: ಬೈಬಲಿನ ಒಂದು ದೇವರೂಪಕದ ಮರುಪರಿಶೀಲನೆ

ದೇವರನ್ನು ಬಂಡೆಯೆಂದು ಕರೆಯುವ ಬೈಬಲಿನ ಮಾತಿಗೆ ಸ್ಥೈರ್ಯವೊಂದೇ ಅರ್ಥವೆಂಬಂತೆ ಪ್ರವಚನಗಳೂ ಭಕ್ತಿಗೀತೆಗಳೂ ಸಾಮಾನ್ಯವಾಗಿ ಬಳಸಿಕೊಂಡು ಬಂದಿವೆ. ಅದಕ್ಕೆ ಆಧಾರವಿದೆ. ಸೌಲನಿಗೆ ಹೆದರಿ ಏನ್ಗೆದಿಯ ಕಡಿದಾದ ಕಲ್ಲುಸಂದುಗಳಲ್ಲಿ ಅಡಗಿದ್ದ ದಾವೀದನ ಹೆಸರಿನಲ್ಲಿರುವ 18ನೆಯ ಕೀರ್ತನೆಯಲ್ಲಿ ಬಂಡೆ, ಕೋಟೆ, ಗುರಾಣಿಗಳು ಒಂದೇ ಉಸಿರಿನಲ್ಲಿ ಬರುತ್ತವೆ. ಆದರೆ ಈ ರೂಪಕ ದಟ್ಟವಾಗಿರುವ ಕಡೆಗಳಲ್ಲೆಲ್ಲ ಬಂಡೆ ಹೆರುತ್ತದೆ, ಉಣಿಸುತ್ತದೆ, ಏಟು ತಿನ್ನುತ್ತದೆ. ಪೌಲನ ಕೈಗೆ ಬಂದ ಮೇಲೆ ನಡೆಯಲೂ ತೊಡಗುತ್ತದೆ. ಕೊಡುವ ಗುಣವೇ ಇದರ ಮೂಲ ಎಳೆ ಎಂಬುದು ನನ್ನ ವಾದ.

ಧರ್ಮೋಪದೇಶಕಾಂಡದ 32ನೆಯ ಅಧ್ಯಾಯದ ಮೋಶೆಯ ಗೀತೆಯನ್ನೇ ನೋಡಬಹುದು. 4ನೆಯ ವಚನದ ಬಂಡೆ ನ್ಯಾಯವಂತ. 13ನೆಯದರಲ್ಲಿ ಜನರಿಗೆ ಜೇನೂ ಎಣ್ಣೆಯೂ ಸಿಗುವುದು ಕಲ್ಲಿನಿಂದಲೇ. 18ನೆಯದರಲ್ಲಿ ಬಂಡೆ ಜನಾಂಗವನ್ನು ಹೆತ್ತದ್ದು. ಅಲ್ಲಿನ ಹೀಬ್ರೂ ಕ್ರಿಯಾಪದಗಳಲ್ಲೊಂದು ಪ್ರಸವವೇದನೆಗೆ ಸಲ್ಲುವಂಥದು. ಇನ್ನೂ ಕುತೂಹಲದ್ದೆಂದರೆ, ಅನ್ಯದೇವತೆಗಳಿಗೂ ಕವಿ ಇದೇ ಹೆಸರನ್ನು ಕೊಡುತ್ತಾನೆ. ಅವರು ಬಂಡೆಗಳಲ್ಲವೆಂದು ಅವನು ವಾದಿಸುವುದಿಲ್ಲ. ಬಲಿಯ ಕೊಬ್ಬು ತಿಂದು ನೈವೇದ್ಯದ ದ್ರಾಕ್ಷಾರಸ ಕುಡಿದ ಆ ಬಂಡೆಗಳು ಈಗೆಲ್ಲಿ ಎಂದು 37-38ನೆಯ ವಚನಗಳಲ್ಲಿ ಚುಚ್ಚುತ್ತಾನೆ. ಒಂದು ಬಂಡೆ ಉಣಿಸುತ್ತದೆ, ಉಳಿದವು ಉಣ್ಣುತ್ತವೆ. ಗೀತೆಯ ತಿರುಳು ಈ ವೈದೃಶ್ಯದಲ್ಲಿದೆ ಎಂದು ನನಗನಿಸುತ್ತದೆ. ವ್ಯಾಖ್ಯಾನಕಾರರು ಇದಕ್ಕೆ ಇನ್ನಷ್ಟು ಗಮನ ಕೊಡಬೇಕಿತ್ತು.

ಬಂಡೆ ಉಣಿಸುತ್ತದೆ ಎಂಬ ಕಲ್ಪನೆಗೆ ನೆಲದ ಆಸರೆಯೂ ಉಂಟು. ಯೂದಾಯದ ಗುಡ್ಡಗಳು ಬಹುಪಾಲು ಸುಣ್ಣಕಲ್ಲಿನವು. ಮಳೆನೀರು ಅವುಗಳ ಬಿರುಕುಗಳಲ್ಲಿ ಇಂಗಿ, ಲವಣಸಮುದ್ರದ ದಂಡೆಯಲ್ಲಿರುವ ಏನ್ಗೆದಿಯಂಥ ತಾವುಗಳಲ್ಲಿ ಬುಗ್ಗೆಯಾಗಿ ಹೊಮ್ಮುತ್ತದೆ. ಆ ಒಣನಾಡಿನವರಿಗೆ ಕಲ್ಲು ನೀರಿನ ಕಣಜವೂ ಹೌದು.

ವಿಮೋಚನಕಾಂಡದ 17ನೆಯ ಅಧ್ಯಾಯದಲ್ಲಿ ಇದು ಕಥೆಯಾಗುತ್ತದೆ. ಬಾಯಾರಿದ ಜನ ಗೊಣಗಿದಾಗ ಹೋರೇಬಿನ ಬಂಡೆಯನ್ನು ಕೋಲಿನಿಂದ ಹೊಡೆಯುವಂತೆ ಮೋಶೆಗೆ ಅಪ್ಪಣೆಯಾಗುತ್ತದೆ. 6ನೆಯ ವಚನದ ಪ್ರಕಾರ ಯೆಹೋವನು ನಿಲ್ಲುವುದು ಹೊಡೆತ ಬೀಳಬೇಕಾದ ಆ ಬಂಡೆಯ ಮೇಲೆಯೇ! ಅರಣ್ಯಕಾಂಡದ 20ನೆಯ ಅಧ್ಯಾಯದಲ್ಲಿ ಇಂಥದೇ ಪ್ರಸಂಗ ಕಾದೇಶಿನಲ್ಲಿ ನಡೆಯುತ್ತದೆ. ಅಲ್ಲಿ ಬಂಡೆಯೊಡನೆ ಮಾತಾಡಬೇಕಿದ್ದ ಮೋಶೆ ಎರಡು ಸಲ ಹೊಡೆದು, ವಾಗ್ದತ್ತ ನಾಡಿನ ಪ್ರವೇಶವನ್ನೇ ಕಳೆದುಕೊಳ್ಳುತ್ತಾನೆ. ಎರಡು ತಾಣಗಳಲ್ಲಿ ಬಂಡೆ ನೀರು ಕೊಟ್ಟದ್ದು ಹೇಗೆ? ನೀರಿನ ಸೆಲೆ ಜನರ ಬೆನ್ನಹಿಂದೆಯೇ ಬಂತು ಎಂಬ ಯೆಹೂದಿ ಐತಿಹ್ಯ ಹುಟ್ಟಲು ಈ ಪ್ರಶ್ನೆಯೂ ಕಾರಣವಿರಬೇಕು. ಅಲೆಕ್ಸಾಂಡ್ರಿಯದ ಯೆಹೂದಿ ಚಿಂತಕ ಫೈಲೋ ಆ ಬಂಡೆಯನ್ನು ದೇವರ ಜ್ಞಾನವೆಂದು ಅರ್ಥೈಸಿದ್ದ.

ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ (10:4), ಹಿಂಬಾಲಿಸಿ ಬಂದ ಆ ಬಂಡೆ ಕ್ರಿಸ್ತನೇ ಎಂದು ಪೌಲ ಹೇಳುವುದು ಈ ಹಿನ್ನೆಲೆಯಲ್ಲಿ. ಅದೇ ಅಧ್ಯಾಯದ 20 ಮತ್ತು 22ನೆಯ ವಚನಗಳಲ್ಲಿ ಮೋಶೆಯ ಗೀತೆಯ ಪ್ರತಿಧ್ವನಿಗಳಿವೆ. ಹೀಬ್ರೂ ಬೈಬಲಿನ ಹಳೆಯ ಗ್ರೀಕ್ ಅನುವಾದವಾದ ಸೆಪ್ಟುವಜಿಂಟ್ ಆ ಗೀತೆಯಲ್ಲಿ ದೇವರನ್ನು ಸೂಚಿಸುವ ಬಂಡೆಯನ್ನು ತೆಗೆದು ಬರೀ ದೇವರೆಂದು ಹಾಕಿತ್ತು. ಕಲ್ಲಿನ ಪೂಜೆಯ ವಾಸನೆ ತಟ್ಟಬಾರದೆಂಬ ಅಳುಕು ಇದ್ದೀತು. ಪೌಲನಿಗೆ ಆ ಅಳುಕಿಲ್ಲ. ಏಟು ತಿಂದು ನೀರು ಕೊಟ್ಟ ಬಂಡೆ ಶಿಲುಬೆಯ ಕ್ರಿಸ್ತನಿಗೆ ಹೊಂದುವುದನ್ನು ಮುಂದಿನ ಸಭಾಪಿತೃಗಳು ವಿಸ್ತಾರವಾಗಿ ಬೆಳೆಸಿದರು.

ತನ್ನ ಸಭೆಯನ್ನು ಕಟ್ಟುವೆನೆಂದು ಯೇಸು ಹೇಳುವ ಮತ್ತಾಯ 16:18ರ ಬಂಡೆ ಶಿಷ್ಯನಾದ ಪೇತ್ರನೋ ಅವನ ವಿಶ್ವಾಸದ ಅರಿಕೆಯೋ ಎಂಬ ಜಗಳ ಹಳೆಯದು. ಅಗಸ್ಟೀನನು ಮೊದಲು ಪೇತ್ರನೆಂದು ಬರೆದು, ಆಮೇಲೆ ಕ್ರಿಸ್ತನೆಂದು ವಿವರಿಸಿ, ವೃದ್ಧಾಪ್ಯದ ಪುನರ್ವಿಮರ್ಶೆಯಲ್ಲಿ ಆಯ್ಕೆಯನ್ನು ಓದುಗರಿಗೇ ಬಿಟ್ಟ. ನಮ್ಮ ವಾದಕ್ಕೆ ಹೆಚ್ಚು ಒದಗುವುದು 4ನೆಯ ಶತಮಾನದ ರೋಮಿನ ಕಲ್ಲಿನ ಶವಪೆಟ್ಟಿಗೆಗಳು. ಅವುಗಳ ಮೇಲೆ ಕೋಲು ಹಿಡಿದು ಬಂಡೆಗೆ ಹೊಡೆಯುವವನು ಎಷ್ಟೋ ಕಡೆ ಮೋಶೆಯಲ್ಲ, ಪೇತ್ರ. ಕೆಳಗೆ ಬೊಗಸೆಯೊಡ್ಡಿ ಕುಡಿಯುವವರು ರೋಮನ್ ಸೈನಿಕರು. ಶಿಲ್ಪಿಗೆ ಪೇತ್ರ ಅಲ್ಲಿ ಬಂಡೆಯಲ್ಲ, ಅದರಿಂದ ನೀರು ತರಿಸುವವನು.

ಪೇತ್ರನ ಹೆಸರಿನಲ್ಲಿರುವ ಮೊದಲ ಪತ್ರವೂ ಅವನನ್ನು ಬಂಡೆಯೆನ್ನುವುದಿಲ್ಲ. ಅದರ 2ನೆಯ ಅಧ್ಯಾಯದಲ್ಲಿ ಕ್ರಿಸ್ತ ಜೀವವುಳ್ಳ ಕಲ್ಲು, ವಿಶ್ವಾಸಿಗಳೂ ಅಂಥವೇ ಕಲ್ಲುಗಳು. ನಂಬದವರಿಗೆ ಅದೇ ಕಲ್ಲು ಎಡವುವ ಬಂಡೆ. ಈ ಕೊನೆಯ ಮಾತಿನ ಮೂಲವಾದ ಯೆಶಾಯ 8:14ರಲ್ಲಿ ಆಶ್ರಯವೂ ಎಡವುಗಲ್ಲೂ ಆಗುವವನು ಯೆಹೋವನೊಬ್ಬನೇ.