ಹೊಂಡದ ತೂತು

ಹೋದ ವರ್ಷ ಆಷಾಢದಲ್ಲಿ ಅಪ್ಪ ಫೋನ್ ಮಾಡಿದ್ರು. "ಹೊಂಡದ ಶೀಟ ಇಲಿ ಕಡ್ದಾಕವೆ ಕಣಪ್ಪಾ, ನೀರೆಲ್ಲ ಇಂಗೋಯ್ತು." ನಮ್ಮದು ಗುಂಡ್ಲುಪೇಟೆ ಕಡೆಯ ಮಳೆ ನಂಬಿದ ಹೊಲ. ಆ ಕೃಷಿ ಹೊಂಡ ತೆಗೆಸಿ ಹದಿನೈದು ವರ್ಷ ಆಗಿರಬೇಕು. ತೆಗೆಸುವಾಗ ಸಬ್ಸಿಡಿ ಸಿಕ್ಕಿತ್ತು. ಈಗ ರಿಪೇರಿಗೆ ಏನಾದ್ರೂ ಸಿಗುತ್ತಾ ಅಂತ ಅಪ್ಪ ಅಲ್ಲಿ ಇಲ್ಲಿ ವಿಚಾರಿಸಿದ್ರಂತೆ. "ಹೊಸ ಹೊಂಡ ತೆಗ್ಯಕ್ಕೆ ದುಡ್ಡೈತಂತೆ, ಹಳೇ ಹೊಂಡದ ತೂತ ಮುಚ್ಚಕ್ಕಿಲ್ವಂತೆ" ಅಂದು ನಕ್ಕರು.

ನನಗೆ ನಗು ಬರಲಿಲ್ಲ. ಆಫೀಸಲ್ಲಿ ಒಂದು ಏಸಿ ಕೊಂಡರೂ ಜೊತೆಗೆ ಎಎಂಸಿ ಮಾಡಿಸ್ತೀವಿ. ನೀರು ಹಿಡಿಯೋ ಹೊಂಡಕ್ಕೆ ಅದು ಯಾಕಿಲ್ಲ? ಮೊದಲಿಂದಲೂ ಹೀಗೇನಾ?

ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಿಗ್ಗೆ ವಾಕಿಂಗ್ ಹೋಗೋರು ನಮ್ಮಲ್ಲಿ ಬಹಳ ಜನ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಕೆರೆ ಅದು. ಅದರ ಪಕ್ಕದ ಮಾನಸಗಂಗೋತ್ರಿಯಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳಿವೆ. ಬಿ.ಎಲ್. ರೈಸ್ ಶುರು ಮಾಡಿದ್ದನ್ನು ಮೈಸೂರು ವಿಶ್ವವಿದ್ಯಾನಿಲಯ 1970ರ ದಶಕದಿಂದ ಪರಿಷ್ಕರಿಸಿ ಮತ್ತೆ ಪ್ರಕಟಿಸಿತು. ಹಳಗನ್ನಡ ನನಗೆ ಅಷ್ಟಕ್ಕಷ್ಟೇ, ಬಿಇ ಓದಿದವನು. ಆದರೂ ಮೂರು ಶನಿವಾರ ಕೂತು ತಿರುವಿದಾಗ ಒಂದು ಪದ ಕಣ್ಣಿಗೆ ಬೀಳ್ತಾನೇ ಇತ್ತು: ಬಿತ್ತುವಟ್ಟ.

ಗಂಗರ ಕಾಲದ, ಅಂದ್ರೆ ಸಾವಿರ ವರ್ಷಕ್ಕೂ ಹಿಂದಿನ ಶಾಸನಗಳಲ್ಲೇ ಅದು ಇದೆ. ಕೆರೆ ಕಟ್ಟಿಸಿದವನಿಗೆ ಅಥವಾ ನೋಡಿಕೊಳ್ಳುವವನಿಗೆ ಆ ಕೆರೆ ಕೆಳಗಿನ ಗದ್ದೆಯಲ್ಲಿ ಒಂದು ಭಾಗವನ್ನೋ, ಬೆಳೆಯಲ್ಲಿ ಒಂದು ಪಾಲನ್ನೋ ಬಿಟ್ಟುಕೊಡೋದು. ದಸವಂದ, ಕಟ್ಟುಕೊಡಗೆ ಅಂತ ಇದರ ನೆಂಟರೂ ಇದ್ದಾರೆ. ವಿಜಯನಗರದ ಹೊತ್ತಿಗೆ ಕೆರೆಗೆ ಮಣ್ಣು ಹೊರುವ ಗಾಡಿ, ಎಮ್ಮೆಗಳನ್ನು ಸಾಕೋದಕ್ಕೇ ಭೂಮಿ ಬಿಟ್ಟಿದ್ದಾರೆ. ಇದರ ಲೆಕ್ಕಾಚಾರ ನೋಡಿ. ಕೆರೆ ತುಂಬಿದರೆ ಗದ್ದೆ ಬೆಳೆಯುತ್ತೆ, ಗದ್ದೆ ಬೆಳೆದರೆ ನೋಡಿಕೊಳ್ಳುವವನಿಗೆ ಪಾಲು. ಏರಿ ಒಡೆದರೆ ಅವನ ಮನೆಗೂ ಭತ್ತ ಇಲ್ಲ. ರಾಜ ಬದಲಾದರೂ ಹೊಸದಾಗಿ ಅರ್ಜಿ ಹಾಕಬೇಕಿಲ್ಲ, ದುಡ್ಡು ಕೆರೆಯ ಬುಡದಲ್ಲೇ ಹುಟ್ಟುತ್ತಿತ್ತು.

ಟಿಪ್ಪು ಕಾಲದಲ್ಲಿ ಇನ್ನೊಂದು ತರಹದ್ದು ಕಾಣುತ್ತೆ, ತಕಾವಿ. ಬಡ ರೈತನಿಗೆ ನೇಗಿಲು, ಎತ್ತು ಕೊಳ್ಳೋಕೆ ಸರ್ಕಾರ ಕೊಡುವ ಮುಂಗಡ. ಅವನ ಕಂದಾಯದ ಕಾಯಿದೆಗಳಲ್ಲಿ ಅಮಲ್ದಾರರಿಗೆ ಇದರ ಬಗ್ಗೆ ಸೂಚನೆಯೇ ಇದೆ. ಆಮೇಲೆ ಬ್ರಿಟಿಷರು 1883, 1884ರಲ್ಲಿ ಭೂಸುಧಾರಣೆ ಸಾಲ, ಬೇಸಾಯದ ಸಾಲ ಅಂತ ಎರಡು ಕಾಯಿದೆ ಮಾಡಿದರು. ಅದಕ್ಕೂ ಮುಂಚೆ 1876–78ರ ಬರದಲ್ಲಿ ಮೈಸೂರು ಸಂಸ್ಥಾನ ಒಂದರಲ್ಲೇ ಸುಮಾರು 10 ಲಕ್ಷ ಜನ ಸತ್ತಿದ್ದರು. ತಾತನ ಬಾಯಲ್ಲಿ ಇವತ್ತಿಗೂ ಸರ್ಕಾರಿ ಸಾಲ ಅಂದ್ರೆ 'ತಕಾವಿ'ಯೇ.

ಕೆರೆ ಕಥೆ ಕೆಟ್ಟಿದ್ದು ಒಂದೇ ದಿನದಲ್ಲಲ್ಲ. 1860ರ ದಶಕದಲ್ಲಿ ಮೈಸೂರಿನ ಚೀಫ್ ಇಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿ (ಬೆಂಗಳೂರಿನ ಸ್ಯಾಂಕಿ ಕೆರೆ ಇವರ ಹೆಸರಿನದೇ) ಸಂಸ್ಥಾನದ 27,269 ಚದರ ಮೈಲಿಯಲ್ಲಿ ಹತ್ತಿರ ಹತ್ತಿರ ಶೇಕಡ 60 ಭಾಗ ಕೆರೆಗಳ ವ್ಯವಸ್ಥೆಗೆ ಒಳಪಟ್ಟಿದೆ, ಹೊಸ ಕೆರೆಗೆ ಜಾಗ ಹುಡುಕೋದೇ ಕಷ್ಟ ಅಂತ ಬೆರಗಾಗಿ ಬರೆದಿದ್ದರು. ಆದರೆ ಅಷ್ಟೊತ್ತಿಗಾಗಲೇ ದೊಡ್ಡ ರಿಪೇರಿ ಲೋಕೋಪಯೋಗಿ ಇಲಾಖೆಯ ಕೆಲಸ, ಚಿಕ್ಕದು ಊರವರದ್ದು ಅನ್ನೋ ಹಗ್ಗಜಗ್ಗಾಟ ಶುರುವಾಗಿತ್ತು. 1911ರಲ್ಲಿ ಕೆರೆ ಪಂಚಾಯ್ತಿ ಕಾಯಿದೆ ತಂದು ಹೊಣೆಯನ್ನು ಮತ್ತೆ ಊರಿಗೆ ಕೊಡೋಕೆ ನೋಡಿದರು. ಹೊಣೆ ಕೊಟ್ಟರು, ಆ ಹಳೇ ಪಾಲು ಮಾತ್ರ ಅದರ ಹಿಂದೆ ಬರಲಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು, ಇಲ್ಲಾಂದ್ರೆ ಹಳೇದೆಲ್ಲ ಚಿನ್ನ ಅಂದಂಗಾಗುತ್ತೆ. ಕೆರೆ ತೂಬು ಎತ್ತಿ ಗದ್ದೆಗದ್ದೆಗೆ ನೀರು ಹಂಚುತ್ತಿದ್ದವನು ನೀರುಗಂಟಿ. ನಮ್ಮ ಕಡೆ ಈ ಕೆಲಸ ಹೆಚ್ಚಾಗಿ ದಲಿತರ ಮನೆತನಗಳದ್ದು. ರಾತ್ರಿ ಮಳೆಯಲ್ಲಿ ಏರಿ ಕಾಯೋದು ಅವರು, ಶಾಸನದಲ್ಲಿ ಹೆಸರು ಗೌಡರದ್ದು. 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆ ವಂಶಪಾರಂಪರ್ಯದ ಈ ಚಾಕರಿ ತೆಗೆದು ಹಾಕಿದ್ದು ಸರಿಯೇ. ಚಾಕರಿಗೆ ಬಿಟ್ಟಿದ್ದ ಜಮೀನು ಅವರಿಗೇ ಮರುಮಂಜೂರಾಗಲು ದಾರಿಯಾಯ್ತು, ಅದೂ ಸರಿ. ಆದರೆ ತೂಬು ಎತ್ತೋ ಕೆಲಸಕ್ಕೆ ಸಂಬಳ ಕೊಡೋರು ಯಾರು ಅನ್ನೋ ಪ್ರಶ್ನೆಗೆ ಉತ್ತರ ಬರೆಯದೇ ಪುಟ ತಿರುವಿಬಿಟ್ಟೆವು.

ಅಲ್ಲಿಂದ ಮುಂದೆ ಬಂದದ್ದೆಲ್ಲ ಪ್ರಾಜೆಕ್ಟುಗಳು. ವಿಶ್ವಬ್ಯಾಂಕ್ ಸಾಲದಲ್ಲಿ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡಗಳಲ್ಲಿ ಸುಜಲ ಜಲಾನಯನ ಯೋಜನೆ. ಕೆರೆಗಳಿಗೆ ಜಲ ಸಂವರ್ಧನೆ ಯೋಜನಾ ಸಂಘ. 2014ರಲ್ಲಿ ಕೃಷಿ ಭಾಗ್ಯ, ಹೊಂಡಕ್ಕೆ ಸಾಮಾನ್ಯ ವರ್ಗದವರಿಗೆ ಶೇಕಡ 80, ಪರಿಶಿಷ್ಟರಿಗೆ 90 ಸಹಾಯಧನ. (ಅಪ್ಪನ ಹೊಂಡ ಅದಕ್ಕೂ ಮುಂಚಿನದು, ಬೇರೆ ಸ್ಕೀಮಿನದು.) ಇವುಗಳಿಂದ ಉಪಯೋಗ ಆಗಿಲ್ಲ ಅನ್ನೋನು ಒಣಭೂಮಿ ಬೇಸಾಯ ಮಾಡಿದವನಲ್ಲ. ಹೂ ಬಿಡೋ ಹೊತ್ತಿಗೆ ಎರಡು ವಾರ ಮಳೆ ಕೈಕೊಟ್ಟಾಗ ಹೊಂಡದ ನೀರು ಒಂದು ಸಲ ಹಾಯಿಸಿದರೆ ಬೆಳೆ ಉಳಿದುಕೊಳ್ಳುತ್ತೆ. ಆದರೆ ಪ್ರಾಜೆಕ್ಟಿಗೆ ಮುಗಿಯೋ ತಾರೀಖು ಇರುತ್ತೆ. ಹೂಳಿಗೆ ಇರಲ್ಲ.

ಅಮೆರಿಕದವರು ಧೂಳು ಬಿರುಗಾಳಿಗೆ ಹೆದರಿ 1935ರಲ್ಲಿ ಮಣ್ಣು ಸಂರಕ್ಷಣೆಗೇ ಒಂದು ಇಲಾಖೆ ತೆರೆದರು. 1985ರಿಂದ ಅಲ್ಲಿ ಸವೆಯೋ ನೆಲಕ್ಕೆ ಹುಲ್ಲು, ಮರ ಹಾಕಿ ಬಿಟ್ಟ ರೈತನಿಗೆ 10ರಿಂದ 15 ವರ್ಷ, ವರ್ಷ ವರ್ಷವೂ ಬಾಡಿಗೆ ಕೊಡ್ತಾರೆ. ಅದನ್ನ ಓದುವಾಗ ನನಗೆ ನೆನಪಾದದ್ದು ಬಿತ್ತುವಟ್ಟವೇ. ಕಟ್ಟಿದ್ದಕ್ಕಷ್ಟೇ ಅಲ್ಲ, ಕಾಪಾಡಿದ್ದಕ್ಕೂ ದುಡ್ಡು.

ಇದನ್ನೆಲ್ಲ ಅಪ್ಪನಿಗೆ ಫೋನಲ್ಲಿ ಹೇಳಿದೆ. ಪೂರ್ತಿ ಕೇಳಿಸಿಕೊಂಡ್ರು. "ಆ ಕಲ್ಲು ನಮ್ಮೂರ ಕೆರೆ ಏರಿ ಮೇಲೂ ಒಂದೈತೆ, ಬಟ್ಟೆ ಒಗೀತಾರೆ" ಅಂದ್ರು. ಆಮೇಲೆ ವಿಷಯಕ್ಕೆ ಬಂದ್ರು: "ನೀ ದುಡ್ ಕಳ್ಸಿದ್ದಲ್ಲ, ಶೀಟ್ ಬಂತು. ಹಾಸಕ್ಕೆ ನಾಕ್ ಜನ ಬೇಕು. ಭಾನ್ವಾರ ಬಂದ್ಬುಡು."