ಹೆಸರು ಬೈಗುಳವಾಗುವ ಬಗೆ: ಹುಬ್ಬಳ್ಳಿ-ಧಾರವಾಡದ ಕೆಲವು ಪದಗಳ ಚರಿತ್ರೆ

ಧಾರವಾಡದ ಆಡುನುಡಿಯಲ್ಲಿ ‘ಶಾಣ್ಯಾ’ ಎಂಬ ಪದಕ್ಕೆ ಎರಡು ಮುಖಗಳಿವೆ. ಹೆಚ್ಚು ಅಂಕ ಪಡೆದ ಮೊಮ್ಮಗನನ್ನು ಅಜ್ಜಿ ‘ಶಾಣ್ಯಾ’ ಎಂದರೆ ಅದು ಮೆಚ್ಚುಗೆ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಅತಿಯಾಗಿ ಚೌಕಾಸಿ ಮಾಡುವ ಗಿರಾಕಿಗೆ ಅಂಗಡಿಕಾರನು ‘ಭಾಳ ಶಾಣ್ಯಾ ಅದೀಯಪಾ’ ಎಂದರೆ ಅದು ಕುಟುಕು. ಸಂಸ್ಕೃತದ ‘ಸಜ್ಞಾನ’ವು ಪ್ರಾಕೃತದ ಮೂಲಕ ಮರಾಠಿಯಲ್ಲಿ ‘ಶಹಾಣಾ’ ಆಗಿ, ಅಲ್ಲಿಂದ ಉತ್ತರ ಕರ್ನಾಟಕದ ಕನ್ನಡಕ್ಕೆ ಇಳಿದು ಬಂದಿದೆ. ಜ್ಞಾನವಂತನನ್ನು ಸೂಚಿಸುವ ಪದವೇ ಅತಿಬುದ್ಧಿವಂತನ ಮೂದಲಿಕೆಯೂ ಆಗಿರುವುದನ್ನು ಭಾಷಾವಿಜ್ಞಾನಿಗಳು ಹೀನಾರ್ಥಪ್ರಾಪ್ತಿ ಎಂದು ಕರೆಯುತ್ತಾರೆ. ಪಾಠಪುಸ್ತಕಗಳು ಈ ಪ್ರಕ್ರಿಯೆಯನ್ನು ತನ್ನಷ್ಟಕ್ಕೆ ನಡೆಯುವ ಸಹಜ ಬದಲಾವಣೆಯೆಂಬಂತೆ ವಿವರಿಸುತ್ತವೆ. ಆದರೆ ಮನುಷ್ಯರ ಮೇಲೆ ಅಂಟಿಸಿದ ಹೆಸರುಗಳ ವಿಷಯದಲ್ಲಿ ಪದವು ತಾನಾಗಿ ಕೆಡುವುದು ಅಪರೂಪ. ಯಾರನ್ನು ಏನೆಂದು ಕರೆಯಬೇಕೆಂದು ನಿರ್ಧರಿಸುವ ಬಲವುಳ್ಳವರು ಅದರ ಹಿಂದೆ ಇರುತ್ತಾರೆ.

ಇದಕ್ಕೆ ಕರ್ನಾಟಕದ ಮಣ್ಣಿನಲ್ಲಿಯೇ ದೊರೆಯುವ ಪ್ರಾಚೀನ ನಿದರ್ಶನ ‘ದೇವಾನಾಂಪ್ರಿಯ’. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಶಾಸನವು ಈ ಬಿರುದನ್ನು ಅಶೋಕನ ಹೆಸರಿನೊಡನೆಯೇ ನೀಡಿ, ಅದು ಯಾರದೆಂಬ ಸಂದೇಹವನ್ನು ಪರಿಹರಿಸಿತು. ಕಾತ್ಯಾಯನನ ವಾರ್ತಿಕದಲ್ಲಿ ಈ ಸಮಾಸಕ್ಕೆ ನಿಂದೆಯ ಅರ್ಥವಿಲ್ಲ. ಹದಿನೇಳನೆಯ ಶತಮಾನದ ಭಟ್ಟೋಜಿ ದೀಕ್ಷಿತನ ‘ಸಿದ್ಧಾಂತಕೌಮುದಿ’ಯ ವೇಳೆಗೆ ಅದು ಮೂರ್ಖನೆಂಬ ಅರ್ಥದಲ್ಲಿ ಮಾತ್ರ ಸಾಧುವಾಗಿ ಉಳಿದಿತ್ತು. ‘ಪಾಷಂಡ’ ಪದದ ಗತಿಯೂ ಇದೇ. ಅಶೋಕನ ಹನ್ನೆರಡನೆಯ ಬಂಡೆಗಲ್ಲು ಶಾಸನದಲ್ಲಿ ಅದು ಎಲ್ಲ ಧಾರ್ಮಿಕ ಪಂಥಗಳಿಗೂ ಸಲ್ಲುವ ತಟಸ್ಥ ಪದ. ಎಲ್ಲ ಪಾಷಂಡಗಳನ್ನೂ ಗೌರವಿಸಬೇಕೆಂಬುದೇ ಆ ಶಾಸನದ ಆಶಯ. ಅದರ ಒಂದು ಪ್ರತಿ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿದೆ. ಮುಂದೆ ವೈದಿಕ ಪರಂಪರೆಯ ಗ್ರಂಥಗಳಲ್ಲಿ ‘ಪಾಷಂಡಿ’ ಎಂದರೆ ಜೈನ, ಬೌದ್ಧಾದಿ ಅವೈದಿಕರು, ಧರ್ಮಭ್ರಷ್ಟರು ಎಂದಾಯಿತು.

ಹುಬ್ಬಳ್ಳಿಯ ಬೀದಿಗಳಲ್ಲಿ ದಿನನಿತ್ಯ ಕೇಳಿಬರುವ ‘ಲುಚ್ಚಾ’ ಎಂಬ ಪದವನ್ನು ಈ ಹಿನ್ನೆಲೆಯಲ್ಲಿ ಗಮನಿಸಬೇಕು. ಹಿಂದಿಯಲ್ಲಿ ಇದು ‘ನಂಗಾ-ಲುಚ್ಚಾ’ ಎಂಬ ಜೋಡಿಯಾಗಿಯೂ ಬಳಕೆಯಲ್ಲಿದೆ. ಹಿಂದಿ ವಿದ್ವಾಂಸರಲ್ಲಿ ಪ್ರಚಲಿತವಿರುವ ಒಂದು ವ್ಯುತ್ಪತ್ತಿಯಂತೆ ಈ ಜೋಡಿಯ ಮೂಲ ‘ನಗ್ನ’ ಮತ್ತು ‘ಲುಂಚಿತ’. ದಿಗಂಬರ ಮುನಿಯ ಇಪ್ಪತ್ತೆಂಟು ಮೂಲಗುಣಗಳಲ್ಲಿ ಅಚೇಲಕತ್ವವೂ ಒಂದು, ಕೇಶಲೋಚವೂ ಒಂದು. ವಸ್ತ್ರವನ್ನು ತೊರೆಯುವುದು ಅಪರಿಗ್ರಹದ ಪರಮಾವಧಿ. ಕ್ಷೌರಿಕನ ಕತ್ತಿಯನ್ನೂ ಆಶ್ರಯಿಸದೆ ತನ್ನ ಕೈಯಿಂದಲೇ ಕೂದಲನ್ನು ಕೀಳುವುದು ದೇಹಮಮತೆಯ ತ್ಯಾಗ. ಈ ವ್ಯುತ್ಪತ್ತಿಯನ್ನು ಒಪ್ಪುವುದಾದರೆ, ಏನನ್ನೂ ತನ್ನದೆನ್ನದವನ ಎರಡು ವ್ರತಗಳ ಹೆಸರುಗಳು ಸೇರಿ ಪರರ ವಸ್ತುವಿಗೆ ಕೈಹಾಕುವ ನೀಚನ ಹೆಸರಾದವು ಎಂದಾಗುತ್ತದೆ. ಅತ್ತಿಮಬ್ಬೆಯು ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದ ನಾಡಿನಲ್ಲಿ ಈ ಪದವನ್ನು ಬಳಸುವವರಿಗೂ ಕೇಳಿಸಿಕೊಳ್ಳುವವರಿಗೂ ಆ ನೆನಪಿಲ್ಲ.

ಬೈಗುಳಗಳ ಇನ್ನೊಂದು ವರ್ಗ ಬಂದದ್ದು ಮಠ-ಬಸದಿಗಳಿಂದಲ್ಲ, ಕಚೇರಿಗಳಿಂದ. ಆದಿಲಶಾಹಿ, ಸವಣೂರು ನವಾಬರು, ಪೇಶ್ವೆಗಳು, ಮುಂಬಯಿ ಸರಕಾರ ಹೀಗೆ ಒಂದರ ನಂತರ ಒಂದು ಆಳ್ವಿಕೆಯನ್ನು ಕಂಡ ಧಾರವಾಡ ಪ್ರಾಂತದಲ್ಲಿ ಫಾರಸಿ ಆಡಳಿತ ಪದಗಳು ಮನೆಮಾತಾದವು. ‘ಬೇವಾರಸಿ’ ಅಂಥ ಒಂದು ಪದ. ವಾರಸುದಾರರಿಲ್ಲದ ಆಸ್ತಿಯನ್ನು ಗುರುತಿಸುವ ನ್ಯಾಯಾಡಳಿತದ ಪರಿಭಾಷೆ ಅದು. ವಾರಸಿಲ್ಲದ್ದು ಸರಕಾರಕ್ಕೆ ಸೇರಬೇಕೆಂಬ ತರ್ಕ ಎಷ್ಟು ಘೋರವಾಗಬಲ್ಲದೆಂಬುದನ್ನು ಕಿತ್ತೂರು ಕಂಡಿತು. 1824ರಲ್ಲಿ ಶಿವಲಿಂಗರುದ್ರ ಸರ್ಜನು ಸಂತಾನವಿಲ್ಲದೆ ತೀರಿಕೊಂಡಾಗ ಆತನ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಮಾನ್ಯಮಾಡಲಿಲ್ಲ. ಅದೇ ವರ್ಷದ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯೆದುರು ನಡೆದ ಕಾಳಗದಲ್ಲಿ ಥ್ಯಾಕರೆಯೇ ಹತನಾದನು. ರಾಜ್ಯವೊಂದರ ಅಳಿವು-ಉಳಿವನ್ನು ನಿರ್ಣಯಿಸಬಲ್ಲ ‘ವಾರಸು’ ಬೀದಿಯಲ್ಲಿ ವ್ಯಕ್ತಿಯ ಹುಟ್ಟನ್ನು ಪ್ರಶ್ನಿಸುವ ಅಸ್ತ್ರವಾಯಿತು. ಹೇಳಕೇಳುವವರಿಲ್ಲದ ಅನಾಥನು ‘ಬೇವಾರ್ಸಿ’ಯಾದನು, ಅನುಕಂಪಕ್ಕೆ ಪಾತ್ರನಾಗಬೇಕಾದವನು ತಿರಸ್ಕಾರಕ್ಕೆ ಪಾತ್ರನಾದನು.

‘ಬದ್ಮಾಷ’ ಪದದಲ್ಲಿ ‘ಮಆಶ್’ ಎಂದರೆ ಜೀವನೋಪಾಯ. ವಿದ್ವಾಂಸರಿಗೂ ಧರ್ಮಗುರುಗಳಿಗೂ ಜೀವನಾಧಾರಕ್ಕಾಗಿ ಬಿಟ್ಟ ಭೂಮಿ ‘ಮದದ್-ಇ-ಮಆಶ್’. ಕೆಟ್ಟ ಜೀವನೋಪಾಯದವನು ‘ಬದ್-ಮಆಶ್’. 1898ರ ದಂಡಪ್ರಕ್ರಿಯಾ ಸಂಹಿತೆಯ 109ನೆಯ ಕಲಮು ಕಣ್ಣಿಗೆ ಕಾಣುವ ಜೀವನೋಪಾಯವಿಲ್ಲದವನಿಂದ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಳ್ಳಲು ಅವಕಾಶ ಕಲ್ಪಿಸಿತು. ಅಂದರೆ ಬದ್ಮಾಷನ ನಿರ್ವಚನವೇ ಕಾನೂನಿನ ಭಾಷೆಯಲ್ಲಿ ಮರುಹುಟ್ಟು ಪಡೆಯಿತು. ದುಡಿಮೆ ಸಿಗದಿರುವುದು ಬಡತನವೆನಿಸದೆ ಶೀಲದ ದೋಷವೆನಿಸಿತು.

ಇದೇ ತರ್ಕವು ವ್ಯಕ್ತಿಯಿಂದ ಸಮುದಾಯಕ್ಕೆ ವಿಸ್ತರಿಸಿದ್ದು ಕ್ರಿಮಿನಲ್ ಟ್ರೈಬ್ಸ್ ಕಾಯಿದೆಯಲ್ಲಿ. 1871ರಲ್ಲಿ ಉತ್ತರ ಭಾರತದಲ್ಲಿ ಆರಂಭವಾದ ಈ ಕಾಯಿದೆ 1911ರಲ್ಲಿ ಪರಿಷ್ಕೃತಗೊಂಡು ಮುಂಬಯಿ ಪ್ರಾಂತಕ್ಕೂ ಅನ್ವಯಿಸಿತು. ಉಪ್ಪು, ಧಾನ್ಯಗಳನ್ನು ಹೇರಿಕೊಂಡು ಊರೂರು ತಿರುಗುತ್ತಿದ್ದವರ, ಬೇಟೆಯಾಡಿ ಬದುಕುತ್ತಿದ್ದವರ ಹಳೆಯ ಕಸುಬುಗಳನ್ನು ರೈಲುದಾರಿ ಮತ್ತು ಅರಣ್ಯ ಕಾನೂನುಗಳು ಕಸಿದುಕೊಂಡಿದ್ದವು. ಅಲೆದಾಡುವ ಕುಲಗಳನ್ನು ಸರಕಾರ ‘ಅಪರಾಧಿ ಬುಡಕಟ್ಟು’ಗಳೆಂದು ಘೋಷಿಸಿತು. ಆ ಘೋಷಣೆಯನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವಂತಿರಲಿಲ್ಲ. ಹುಬ್ಬಳ್ಳಿ, ಗದಗ, ವಿಜಾಪುರಗಳಲ್ಲಿ ‘ಸೆಟ್ಲಮೆಂಟ್’ಗಳು ಸ್ಥಾಪನೆಯಾದವು. ಅಲ್ಲಿಯ ನಿವಾಸಿಗಳು ಹಾಜರಿ ಕೊಡಬೇಕಿತ್ತು. ಹೊರಹೋಗಲು ಪರವಾನಗಿ ಬೇಕಿತ್ತು. ಅಲ್ಲಿ ಹುಟ್ಟಿದ ಮಗು ಏನನ್ನೂ ಮಾಡುವ ಮೊದಲೇ ಅಪರಾಧಿ ಕುಲದ ಸದಸ್ಯನಾಗಿತ್ತು.

1952ರ ಆಗಸ್ಟ್ 31ರಂದು ಈ ಕಾಯಿದೆ ರದ್ದಾಯಿತು. ಹೆಸರು ರದ್ದಾಗಲಿಲ್ಲ. ಹುಬ್ಬಳ್ಳಿಯ ಆ ಬಡಾವಣೆಯನ್ನು ಜನ ಇಂದಿಗೂ ‘ಸೆಟ್ಲಮೆಂಟ್’ ಎಂದೇ ಕರೆಯುತ್ತಾರೆ. ಅಪರಾಧಿ ಬುಡಕಟ್ಟೆಂದು ನಮೂದಾದವುಗಳಲ್ಲಿ ಒಂದು ಸಮುದಾಯದ ಹೆಸರಿನಲ್ಲಿಯೇ ಕಳವಿನ ಆರೋಪವಿದೆ: ಗಂಟಿಚೋರ್, ಎಂದರೆ ಗಂಟು ಕದಿಯುವವನು. ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಈ ಹೆಸರು ಇಂದಿಗೂ ಹಾಗೆಯೇ ಇದೆ.

ಉಮಾಸ್ವಾಮಿಯ ‘ತತ್ತ್ವಾರ್ಥಸೂತ್ರ’ದ ಆರನೆಯ ಅಧ್ಯಾಯವು ಪರನಿಂದೆ ಮತ್ತು ಆತ್ಮಪ್ರಶಂಸೆಗಳನ್ನು ನೀಚಗೋತ್ರದ ಆಸ್ರವಕ್ಕೆ ಕಾರಣಗಳೆಂದು ಎಣಿಸುತ್ತದೆ. ನೀಚತನವು ಅಂಟುವುದು ನಿಂದಿತನಿಗಲ್ಲ, ನಿಂದಕನಿಗೆ ಎಂಬುದು ಇದರ ತಾತ್ಪರ್ಯ. ಲೋಕದ ದಾಖಲೆಗಳಲ್ಲಿ ನಡೆದಿರುವುದು ಇದರ ವಿಪರ್ಯಾಸ. ದತ್ತಕವನ್ನು ನಿರಾಕರಿಸಿದವರಿಗಾಗಲಿ, ಕಸುಬು ಕಸಿದವರಿಗಾಗಲಿ ಕನ್ನಡದಲ್ಲಿ ಒಂದು ಬೈಗುಳ ಹುಟ್ಟಲಿಲ್ಲ. ವಾರಸಿಲ್ಲದವನಿಗೆ, ಕಸುಬು ಕಳೆದುಕೊಂಡವನಿಗೆ, ವಸ್ತ್ರ ತೊರೆದವನಿಗೆ ಹುಟ್ಟಿತು. ಬೀದಿಯ ಬೈಗುಳ ಸಿಟ್ಟು ಇಳಿದ ಮೇಲೆ ಮರೆಯಾಗಬಹುದು. ಆದರೆ ಶಾಲೆಗೆ ಸೇರಲು ಜಾತಿ ಪ್ರಮಾಣಪತ್ರದ ಅರ್ಜಿ ತುಂಬುವ ಗಂಟಿಚೋರ್ ಸಮುದಾಯದ ಹುಡುಗ, ಮೀಸಲಾತಿ ಪಡೆಯಬೇಕಾದರೆ, ತನ್ನ ಕೈಯಿಂದಲೇ ತನ್ನನ್ನು ಚೋರನೆಂದು ಬರೆದುಕೊಳ್ಳಬೇಕಾಗಿದೆ.